ಅತ್ತೆ ಕೈಯ ತುತ್ತು

ಮೇ ೪

ಅಕ್ಕಾ,

ಫೋನಿನಲ್ಲಿ ನಾನು ಬರೀ ‘ಹೂಂ’ ಅಂತೀನಿ ಅಂತ ಬೈದೆಯಲ್ಲ, ಅದಕ್ಕೇ ಈ ಕಾಗದ. ಅಮ್ಮ ಇದ್ದಾಗ ನಿನ್ನ ಹಾಸ್ಟೆಲಿಗೆ ನನ್ನ ಕೈಲೇ ಬರೆಸುತ್ತಿದ್ದಳು. ಆ ಅಭ್ಯಾಸ ಎಲ್ಲಿ ಹೋಗುತ್ತೆ? ಅಂಗಡಿಯಲ್ಲಿ ರಿಪೇರಿಗೆ ಬಂದ ತಕ್ಕಡಿಗಳ ನಡುವೆ ಕೂತರೆ ಮಾತು ತಾನಾಗೇ ಬರುತ್ತದೆ. ಎದುರಿಗೆ ಜನ ಇದ್ದರೆ ಬರುವುದಿಲ್ಲ, ಅಷ್ಟೇ.

ನಿನ್ನ ಮುದ್ದಿನ ಕಡ್ಡಿ ಮತ್ತೆ ಊಟ ಬಿಟ್ಟಿದ್ದಾಳೆ. ಆರು ತುಂಬಿತು, ಹೆಸರಿಗೆ ತಕ್ಕ ಹಾಗೆ ಕಡ್ಡಿಯಾಗೇ ಇದ್ದಾಳೆ. ನನ್ನ ಹೆಂಡತಿಗೆ ಮೂರು ತಿಂಗಳ ಬಸಿರು, ನೀರು ಕುಡಿದರೂ ವಾಂತಿ. ಮಗಳ ಹಿಂದೆ ತಟ್ಟೆ ಹಿಡಿದು ಓಡುವ ಶಕ್ತಿ ಎಲ್ಲಿಂದ ಬರಬೇಕು? ಇವಳ ಅಮ್ಮ, ಈಗ ಮನೆಮಂದಿಗೆಲ್ಲ ಅಜ್ಜಿ, ಅವರು ಓಡುತ್ತಾರೆ. ಅಡುಗೆಮನೆಯಿಂದ ಬೀದಿಯ ತನಕ ಅಜ್ಜಿ ಹಿಂದೆ, ತಟ್ಟೆ ನಡುವೆ, ಕಡ್ಡಿ ಎಲ್ಲೋ ಮುಂದೆ. ಮೊನ್ನೆ ಹಿಡಿದು ಕೇಳಿದೆ, “ಯಾಕೆ ತಿನ್ನಲ್ಲ?” ಅಂತ. “ಅತ್ತೆ ಕೊಟ್ಟರೆ ತಿಂತೀನಿ” ಅಂದಳು. “ಅತ್ತೆ ಕೈಯ ತುತ್ತು ದೊಡ್ಡದಲ್ಲ, ಚಿಕ್ಕದೂ ಅಲ್ಲ, ಬಾಯಿಗೆ ಸರಿಯಾಗುತ್ತೆ.”

ನಿನ್ನ ಲ್ಯಾಬಿಗೆ ರಜೆ ಹಾಕು. ಎಂಟು ದಿನ ಬಂದು ಕಡ್ಡಿಯ ಹೊಟ್ಟೆಗೆ ಏನಾದರೂ ಹಾಕಿ ಹೋಗು. ಬೇಡಿಕೊಳ್ಳುತ್ತಿದ್ದೇನೆ ಅಂತಲೇ ಇಟ್ಟುಕೋ.

ನಿನ್ನ ತಮ್ಮ


ಮೇ ೧೩

ಲೋ ತಕ್ಕಡಿ ಸಾಹುಕಾರ,

ಬರುತ್ತೇನೆ. ತಿಂಗಳ ಕೊನೆಗೆ. ನನ್ನ ಜೀವಕೋಶಗಳು ಎಂಟು ದಿನ ನನ್ನನ್ನು ಬಿಟ್ಟು ಬದುಕಿರುತ್ತವೆ. ಬದುಕದಿದ್ದರೂ ಪರವಾಗಿಲ್ಲ, ಅವನ್ನು ಸಾಯಿಸುವುದೇ ನನ್ನ ಕೆಲಸ.

ಅತ್ತೆ ದಿನವಿಡೀ ಏನು ಮಾಡುತ್ತಾಳೆ ಅಂತ ಕಡ್ಡಿ ಫೋನಿನಲ್ಲಿ ಕೇಳಿದ್ದಳಲ್ಲ, ಓದಿ ಹೇಳು. ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಜೀವಕೋಶಗಳು. ಒಂದು ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡಿ ಎರಡು ಜೊತೆ ಮಾಡಿಕೊಳ್ಳುತ್ತದೆ. ಆಮೇಲೆ ತಟ್ಟನೆ ಎರಡಾಗುವುದಿಲ್ಲ. ಒಮ್ಮೆ ನಿಂತು, ಎಲ್ಲ ಸರಿ ಇದೆಯಾ ಅಂತ ನೋಡುತ್ತದೆ. ಅಪ್ಪ ತೂಗುವ ಮೊದಲು ತಕ್ಕಡಿಯ ಮುಳ್ಳು ನೋಡುತ್ತಾನಲ್ಲ, ಹಾಗೆ. ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಒಂದು ವಿಷ ಮಾಡುತ್ತದೆ. ಆ ವಿಷ ಕೋಶದೊಳಗೆ ಹೋಗಿ ಡಿಎನ್‌ಎಯನ್ನು ಕತ್ತರಿಸುತ್ತದೆ. ಕೋಶಕ್ಕೆ ಗೊತ್ತಾಗುತ್ತದೆ, ನಿಂತುಬಿಡುತ್ತದೆ. ಎರಡಾಗುವುದಿಲ್ಲ. ಆದರೆ ಬೆಳೆಯುವುದನ್ನು ಮಾತ್ರ ಬಿಡುವುದಿಲ್ಲ, ಊದಿ ಊದಿ ಇದ್ದದ್ದರ ನಾಲ್ಕು ಪಟ್ಟಾಗುತ್ತದೆ. ಹೊಸದಾಗಿ ಬಂದ ಹುಡುಗಿಯರು ಮೈಕ್ರೋಸ್ಕೋಪಿನಲ್ಲಿ ನೋಡಿ, “ಎಷ್ಟು ಚೆನ್ನಾಗಿ ಬೆಳೆದಿವೆ ಮೇಡಂ!” ಅನ್ನುತ್ತಾರೆ. “ಇನ್ನೆರಡು ದಿನ ಬಿಟ್ಟು ನೋಡಮ್ಮ” ಅನ್ನುತ್ತೇನೆ.

ಇನ್ನೊಂದು ತಮಾಷೆ. ಈ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ವಿಷ ಮಾಡುವುದೇ ಇಲ್ಲ. ಬಲು ಸಾಧು. ನಮ್ಮ ಕೋಶದ ಒಳಗೆ ಹೊಕ್ಕು ಕೂತ ಮೇಲೆಯೇ ತಯಾರಿಸುವುದು. ಎಂಥ ನೆಂಟ ನೋಡು! ನೀನು ಹೆದರಬೇಡ, ನಾನು ಅದನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ಬರೀ ವಿಷ, ಅದೂ ಬೇರೊಂದು ಬಡಪಾಯಿ ಬ್ಯಾಕ್ಟೀರಿಯಾದ ಕೈಲಿ ಮಾಡಿಸಿದ್ದು. ಮೇಲಾಗಿ ನನ್ನ ಕೈತೊಳೆಯುವ ಹುಚ್ಚು ನಿನಗೆ ಗೊತ್ತೇ ಇದೆ. ಹೋದ ಸಲ ನಿಮ್ಮ ಮನೆಯ ಸೋಪು ಮುಗಿಸಿದೆ ಅಂತ ಗೊಣಗಿದ್ದೆಯಲ್ಲ.

ಅಜ್ಜಿಗೆ ಹೇಳು, ನಾನು ಬಂದಾಗ ಎಣ್ಣೆಯಲ್ಲಿ ಕರಿದದ್ದು ಏನೂ ಬೇಡ. ತಿಂದ ದಿನ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡುಬಿಡುತ್ತದೆ. ಗ್ಯಾಸು. ವಯಸ್ಸಾಯಿತಲ್ಲ.

ಅಕ್ಕ


ಜೂನ್ ೧೨

ಅಕ್ಕಾ,

ನೀನು ಬಸ್ಸು ಹತ್ತಿದ ಮಾರನೇ ದಿನ ಕಡ್ಡಿಯನ್ನು ಅಂಗಡಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದೆ. ಮುಕ್ಕಾಲು ಕೆಜಿ ಏರಿದ್ದಾಳೆ! ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಂದರ ಮೇಲೆ ನಿಲ್ಲಿಸಿದೆ. ಅದೂ ಅಷ್ಟೇ ತೋರಿಸಿತು. ಎರಡಕ್ಕೂ ಸರ್ಕಾರದ ಮುದ್ರೆ ಇದೆ, ಸುಳ್ಳು ಹೇಳಲ್ಲ. ಪಕ್ಕದ ಅಂಗಡಿಯ ಕೀಲಿಯವನನ್ನು ಕೂಗಿ ತೋರಿಸಿದೆ. “ಮಗಳನ್ನು ಮಾರೋಕೆ ಇಟ್ಟಿದ್ದೀಯಾ?” ಅಂದ.

ಈಗ ನಿನ್ನ ಹಾಗೇ ತುತ್ತು ಕಟ್ಟಿಕೊಡು ಅಂತ ಇವಳ ಪ್ರಾಣ ತಿನ್ನುತ್ತಾಳೆ. “ಅಮ್ಮನ ತುತ್ತು ಗಟ್ಟಿ, ಅಜ್ಜಿ ತುತ್ತು ಬಿಸಿ” ಅಂತ ದೂರು. ನಿನಗೊಂದು ಪ್ರಶ್ನೆಯನ್ನೂ ಕಳಿಸಿದ್ದಾಳೆ, ಮರೆಯದೆ ಬರೆ ಅಂತ ಆಣೆ ಹಾಕಿಸಿಕೊಂಡಿದ್ದಾಳೆ: ಅತ್ತೆಯ ಉಬ್ಬಿದ ಕೋಶಕ್ಕೆ ಹೊಟ್ಟೆ ನೋಯುತ್ತಾ?

ತಮ್ಮ


ಜೂನ್ ೨೬

ಅಕ್ಕಾ,

ಕಡ್ಡಿಗೆ ನಾಲ್ಕು ದಿನದಿಂದ ಜ್ವರ. ಮೂಲೆಮನೆಯ ಡಾಕ್ಟರು ಎಲ್ಲ ಮಕ್ಕಳಿಗೂ ಬರುತ್ತಿರುವ ಜ್ವರವೇ ಅಂದರು. ಬೆಳಿಗ್ಗೆ ಸ್ವಲ್ಪ ಇಳಿಯುತ್ತೆ, ಸಂಜೆಗೆ ಮತ್ತೆ ಏರುತ್ತೆ. ಏನೂ ತಿನ್ನುತ್ತಿಲ್ಲ. ನಿನ್ನನ್ನು ಕರೆ ಅಂತಾಳೆ. ಮಳೆಗಾಲದ ನೆಗಡಿ ಜ್ವರ ಇರಬೇಕು, ಗಾಬರಿಯಾಗಬೇಡ. ನನಗೇ ಗಾಬರಿ, ಅದಕ್ಕೇ ಬರೆದೆ.

ತಮ್ಮ


ಜುಲೈ ೧

ತಮ್ಮಾ,

ಫೋನಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ, ನಿನ್ನ ಹೆಂಡತಿಗೂ ಅಜ್ಜಿಗೂ ಓದಿ ಹೇಳು. ಮೂಲೆಮನೆ ಡಾಕ್ಟರನ್ನು ಬಿಡು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ರಕ್ತ ತೆಗೆದು ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡಲಿ. ಮೆಟ್ಟಿಲು ಏರಿದ ಹಾಗೆ ಏರುವ ಜ್ವರ ಅಂದರೆ ನನಗೆ ಅನುಮಾನ ಟೈಫಾಯ್ಡ್ ಮೇಲೆಯೇ.

ಹಾಗೇ ಆದರೂ ಹೆದರಬೇಡಿ. ಇದನ್ನೇ ಓದಿ ತಲೆ ನರೆಸಿಕೊಂಡವಳು ನಾನು. ಸರಿಯಾದ ಔಷಧ ಬಿದ್ದರೆ ವಾಸಿಯಾಗುತ್ತದೆ. ನನಗೆ ಹನ್ನೊಂದನೇ ವಯಸ್ಸಿನಲ್ಲಿ ಬಂದಿರಲಿಲ್ಲವಾ? ಅಮ್ಮ ಒಂದು ತಿಂಗಳು ತೊಡೆ ಮೇಲೆ ಮಲಗಿಸಿಕೊಂಡಿದ್ದಳು. ನಿನ್ನ ಹೆಂಡತಿಗೆ ಮದುವೆಯಾದ ವರ್ಷವೇ ಬಂದಿತ್ತು, ನಾನು ಬಂದು ಹೋದ ಹಿಂದೆಯೇ. ಪಾಪ, ಮನೆಗೆ ಬಂದ ಸೊಸೆಗೆ ಹೀಗಾಯಿತಲ್ಲ ಅಂತ ಎಷ್ಟು ಪೇಚಾಡಿದ್ದೆವು. ಈಗ ನೋಡು, ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಕಡ್ಡಿಯೂ ಆಗುತ್ತಾಳೆ.

ಅವಳ ಪ್ರಶ್ನೆಗೆ ಉತ್ತರ: ಕೋಶಕ್ಕೆ ನೋಯುವುದಿಲ್ಲ. ನೋಯುವುದಕ್ಕೆ ಅದಕ್ಕೆ ಬೇರೆಯದೇ ಸಾಮಾನು ಬೇಕು, ಅದು ಇಲ್ಲ. ಅತ್ತೆ ಹೇಳಿದಳು ಅಂತ ಹೇಳು.

ಅಕ್ಕ


ಜುಲೈ ೧೫

ತಮ್ಮಾ,

ನಿಮ್ಮ ಮನೆಯಿಂದ ಬಂದು ಐದು ದಿನವಾಯಿತು. ಇನ್ನೂ ಚೀಲ ಬಿಚ್ಚಿಲ್ಲ.

ನಾನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಮುಖವನ್ನು ಸಹ ನೋಡಲಾಗಲಿಲ್ಲ. ಆ ಎರಡು ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಕೀಲಿಯವನ ಹೆಂಡತಿ ತಂದಿಟ್ಟ ಊಟ ಹಾಗೇ ಆರಿ ಹೋಯಿತು. ನೀನು ನನ್ನ ಜೊತೆ ಮಾತೂ ಆಡಲಿಲ್ಲ. ಏನು ಆಡಬೇಕಿತ್ತು? ವಾಸಿಯಾಗುತ್ತದೆ ಅಂತ ಬರೆದ ಕೈ ಇದೇ.

ಡಾಕ್ಟರನ್ನು ಕೇಳಿದೆ. ಔಷಧ ಶುರುವಾಗುವ ಹೊತ್ತಿಗೆ ಕರುಳು ತೂತಾಗಿತ್ತಂತೆ. ಒಂದು ವಾರ ಮೊದಲೇ ಬಂದಿದ್ದರೆ ಅಂದರು. ಆ ಮೂಲೆಮನೆಯವನನ್ನು ಶಪಿಸಿದೆ. ನನ್ನನ್ನೂ ಶಪಿಸಿಕೊಂಡೆ. ಲ್ಯಾಬಿಗೆ ಹೋದರೆ ಇಪ್ಪತ್ತು ತಟ್ಟೆಗಳಲ್ಲಿ ಅದೇ ವಿಷ ಹಾಕಿದ ಕೋಶಗಳು, ಗುಂಡಗೆ, ತುಂಬಿಕೊಂಡು, ನಿಂತಲ್ಲೇ ನಿಂತಿವೆ. ಇಷ್ಟು ವರ್ಷ ಇದನ್ನು ತಮಾಷೆಯಾಗಿ ಹೇಳಿಕೊಂಡು ಬಂದೆನಲ್ಲ.

ಈಗ ಒಂದು ಮಾತು ಕೇಳು, ಇದು ಅಳುವಿನ ಮಾತಲ್ಲ. ಟೈಫಾಯ್ಡ್ ಗಾಳಿಯಲ್ಲಿ ಬರುವುದಿಲ್ಲ. ಯಾರದೋ ಕೈಯಿಂದಲೋ ನೀರಿನಿಂದಲೋ ಬರಬೇಕು. ನಿಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಬಂದಿಲ್ಲ. ಅಂದರೆ ಮನೆಯೊಳಗೇ ಇದೆ. ಕೆಲವರಿಗೆ ಕಾಯಿಲೆ ವಾಸಿಯಾದರೂ ಬ್ಯಾಕ್ಟೀರಿಯಾ ಹೋಗಿರುವುದಿಲ್ಲ, ಒಳಗೆ ಸುಮ್ಮನೆ ಕೂತಿರುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಅವರು ಮಾಡಿ ಹಾಕಿದ್ದನ್ನು ತಿಂದವರಿಗೆ ಆಗುತ್ತದೆ. ಅಡುಗೆ ಮಾಡುವವರನ್ನು ಮೊದಲು ಪರೀಕ್ಷೆ ಮಾಡಿಸು. ಅಜ್ಜಿ, ನಿನ್ನ ಹೆಂಡತಿ, ಹಾಲು ಹಾಕುವವಳು, ಕಡ್ಡಿಯ ಬಾಯಿಗೆ ಏನು ಕೊಟ್ಟವರಿದ್ದರೂ ಸರಿ, ಒಬ್ಬರನ್ನೂ ಬಿಡಬೇಡ. ಇನ್ನೊಂದು ಮಗು ಬರುತ್ತಿದೆ. ಅದಕ್ಕೂ ಹೀಗಾದರೆ ನಾನು ಬದುಕಿರುವುದಿಲ್ಲ.

ಅಕ್ಕ


ಆಗಸ್ಟ್ ೨೦

ಅಕ್ಕಾ,

ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ಮಲಪರೀಕ್ಷೆಗೆ ಅಂತ ಎಲ್ಲರಿಗೂ ಡಬ್ಬಿ ಕೊಟ್ಟು ಹೋದರು. ನನಗೆ, ಇವಳಿಗೆ, ಅಜ್ಜಿಗೆ, ಹಾಲಿನವಳಿಗೆ. ಎಲ್ಲರದೂ ಚೆನ್ನಾಗಿಯೇ ಇದೆ, ಏನೂ ಸಿಕ್ಕಿಲ್ಲ.

ಅಜ್ಜಿ ಅಡುಗೆಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಡಬ್ಬಿ ಕೈಗೆ ಬಂದ ದಿನವೇ ಕೇಳಿದರು, “ನನ್ನ ಕೈಯಿಂದ ಬಂತು ಅಂತ ನಿಮ್ಮಕ್ಕ ಹೇಳಿದಳಾ?” ನಾನು ಇಲ್ಲ ಅಂದೆ. ನಂಬಲಿಲ್ಲ. ಬಾಗಿಲ ಹತ್ತಿರ ತಮ್ಮದೇ ತಟ್ಟೆ ಲೋಟ ಇಟ್ಟುಕೊಂಡು ಕೂತಿರುತ್ತಾರೆ. ಇವಳು ಈ ಹೊಟ್ಟೆ ಹೊತ್ತು ಅಡುಗೆ ಮಾಡುತ್ತಾಳೆ.

ಕಡ್ಡಿಯ ಚಪ್ಪಲಿ ಇನ್ನೂ ಬಾಗಿಲಲ್ಲೇ ಇವೆ. ಯಾರೂ ತೆಗೆದಿಲ್ಲ.

ತಮ್ಮ


ಸೆಪ್ಟೆಂಬರ್ ೨

ತಮ್ಮಾ,

ಒಂದು ಸಲ ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ ಕಣೋ. ಈ ಬ್ಯಾಕ್ಟೀರಿಯಾ ದಿನಾ ಹೊರಗೆ ಬರುವುದಿಲ್ಲ. ಒಂದು ವಾರ ಬರುತ್ತದೆ, ಎರಡು ವಾರ ಮಾಯ. ಅಜ್ಜಿಯದನ್ನು ಮತ್ತೆ ಮಾಡಿಸು, ಬಿಟ್ಟು ಬಿಟ್ಟು ಮೂರು ಸಲ. ಅವರಿಗೆ ಬೇಜಾರಾಗುತ್ತದೆ ಅಂತ ನೋಡುತ್ತಾ ಕೂತರೆ ಹುಟ್ಟುವ ಮಗುವಿನ ಗತಿ ಏನು?

ಯಾಕೆ ಅಜ್ಜಿ ಅಂತ ಹೇಳುತ್ತೇನೆ. ಹೀಗೆ ಹೊತ್ತು ತಿರುಗುವವರಲ್ಲಿ ಹೆಂಗಸರೇ ಹೆಚ್ಚು, ವಯಸ್ಸು ನಲವತ್ತು ದಾಟಿದವರು. ಎಂದೋ ಒಮ್ಮೆ ಟೈಫಾಯ್ಡ್ ಬಂದು ಹೋಗಿರುತ್ತದೆ. ಬ್ಯಾಕ್ಟೀರಿಯಾ ಪಿತ್ತಕೋಶದಲ್ಲಿ, ಅಲ್ಲಿ ಕಲ್ಲುಗಳಿದ್ದರೆ ಆ ಕಲ್ಲುಗಳ ಮೇಲೆ, ಮನೆ ಮಾಡಿಕೊಂಡಿರುತ್ತದೆ. ಕಲ್ಲಿದ್ದವರಿಗೆ ಎಣ್ಣೆಯದು ತಿಂದರೆ ಬಲಗಡೆ ನೋವು ಬರುವುದೂ ಉಂಟು. ಅಜ್ಜಿಗೆ ಚಿಕ್ಕಂದಿನಲ್ಲಿ ಜ್ವರ ಬಂದಿತ್ತಾ, ಬಲಗಡೆ ನೋಯುತ್ತದಾ, ಕೂತು ಕೇಳು. ನಾಚಿಕೊಂಡು ಮುಚ್ಚಿಡುತ್ತಾರೆ, ಬಿಡಿಸಿ ಬಿಡಿಸಿ ಕೇಳು.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಮಗು ಉಳಿಯಲಿ.

ಅಕ್ಕ


ಅಕ್ಟೋಬರ್ ೧೫

ಅಕ್ಕಾ,

ಅಜ್ಜಿಯ ಪರೀಕ್ಷೆ ಮೂರು ಸಲವೂ ಆಯಿತು. ಇವಳದೂ ಆಯಿತು. ಮನೆಯಲ್ಲಿ ಯಾರಲ್ಲೂ ಇಲ್ಲ. ಇನ್ನು ಈ ವಿಷಯ ಬಿಟ್ಟುಬಿಡು. ಯಾರನ್ನೂ ಏನೂ ಕೇಳಬೇಡ.

ದೀಪಾವಳಿ ಹೊತ್ತಿಗೆ ನೀನು ಬರುತ್ತೇನೆ ಅಂದಿದ್ದೆ. ಈಗ ಬೇಡ. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ.

ನೀನು ಡಾಕ್ಟರಿಗೆ ತೋರಿಸಿಕೊಂಡೆಯಾ? ಆ ಪಕ್ಕೆಲುಬಿನ ನೋವು ಹೇಗಿದೆ?

ತಮ್ಮ


ನವೆಂಬರ್ ೧೧

ತಮ್ಮಾ,

ಗಂಡುಮಗು, ತಾಯಿ ಮಗು ಚೆನ್ನಾಗಿದ್ದಾರೆ ಅಂತ ತಿಳಿಯಿತು. ತಿಳಿದದ್ದು ಕೀಲಿಯವನಿಂದ! ನಿನ್ನ ಅಂಗಡಿಗೆ ಫೋನ್ ಮಾಡಿದರೆ ಅವನು ಎತ್ತಿದ. “ನಿಮಗೆ ಹೇಳಿಲ್ವಾ ಅಕ್ಕ?” ಅಂದ. ಏನಂತ ಹೇಳಲಿ ಅವನಿಗೆ? ಮೊದಲೇ ಗೊತ್ತಿತ್ತು ಅಂತ ಸುಳ್ಳು ಹೇಳಿದೆ.

ಮೂರು ಸಲ ಬರುತ್ತೇನೆ ಅಂದೆ. ಒಮ್ಮೆ ಸುಣ್ಣ, ಒಮ್ಮೆ ಇವಳಿಗೆ ಹುಷಾರಿಲ್ಲ, ಒಮ್ಮೆ ಬಸ್ಸಿನ ರಸ್ತೆ ಸರಿಯಿಲ್ಲ. ರಸ್ತೆ ಸರಿಯಿಲ್ಲವಂತೆ! ಅದೇ ರಸ್ತೆಯಲ್ಲಿ ನಾನು ಇಪ್ಪತ್ತು ವರ್ಷ ಬಂದಿಲ್ಲವಾ? ನೇರವಾಗಿ ಹೇಳು. ನಾನು ವಾಸಿಯಾಗುತ್ತದೆ ಅಂದದ್ದಕ್ಕೆ ನಿನಗೆ ಸಿಟ್ಟು. ಅಥವಾ ಅಜ್ಜಿಯಲ್ಲಿ ಸಿಕ್ಕಿದೆ, ಮುಚ್ಚಿಡುತ್ತಿದ್ದೀಯ. ಅಜ್ಜಿ ಮರ್ಯಾದೆ ಉಳಿಸುವುದಕ್ಕೆ ಹಸುಗೂಸನ್ನು ಬಲಿ ಕೊಡುತ್ತೀಯಾ?

ನನಗೆ ಬೇರೆ ಯಾರಿದ್ದಾರೆ ಹೇಳು. ಮದುವೆ ಬೇಡ ಅಂದೆ, ಮಕ್ಕಳು ಬೇಡ ಅಂದೆ, ಯಾಕೆಂದರೆ ನಿನ್ನ ಮನೆ ಇತ್ತು. ಒಂದೇ ಒಂದು ಸಲ ಮಗುವನ್ನು ಎತ್ತಿಕೊಂಡು ವಾಪಸ್ ಬರುತ್ತೇನೆ. ಊಟಕ್ಕೂ ನಿಲ್ಲುವುದಿಲ್ಲ.

ಅಕ್ಕ


ನವೆಂಬರ್ ೨೪

ಅಕ್ಕಾ,

ಬರಬೇಡ.

ಸಿಟ್ಟಲ್ಲ. ಅಮ್ಮನ ಮೇಲಾಣೆ ಸಿಟ್ಟಲ್ಲ. ಅಜ್ಜಿಯಲ್ಲಿ ಏನೂ ಸಿಕ್ಕಿಲ್ಲ, ಆ ಹೆಂಗಸಿನ ಮೇಲೆ ಇನ್ನೊಂದು ಮಾತು ಬರೆಯಬೇಡ. ಈಗ ಬರಬೇಡ ಅಷ್ಟೇ. ಯಾವಾಗ ಬರಬಹುದು ಅಂತ ನಾನೇ ಬರೆಯುತ್ತೇನೆ.

ಡಾಕ್ಟರಿಗೆ ತೋರಿಸು ಅಂತ ಬರೆದಿದ್ದೆ. ಅದಕ್ಕೆ ಉತ್ತರವೇ ಇಲ್ಲ. ನಿನಗೆ ಕೈ ಮುಗಿಯುತ್ತೇನೆ, ಹೋಗಿ ತೋರಿಸು.

ತಮ್ಮ


ಜನವರಿ ೧೯

ತಮ್ಮಾ,

ಇದನ್ನು ಅಂಗಡಿಯಲ್ಲಿ ಓದಬೇಡ. ಎಲ್ಲಾದರೂ ಒಬ್ಬನೇ ಕೂತು ಓದು.

ಡಿಸೆಂಬರಿನಲ್ಲಿ ಆ ನೋವು ನನ್ನನ್ನು ಲ್ಯಾಬಿನ ನೆಲದ ಮೇಲೆ ಉರುಳಾಡಿಸಿತು. ಹುಡುಗಿಯರು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಹಾಕಿದರು. ಪಿತ್ತಕೋಶದ ತುಂಬ ಕಲ್ಲು. ತೆಗೆಯಬೇಕು ಅಂದರು. ಆಪರೇಷನ್ ಮಾಡುವ ಡಾಕ್ಟರು ಕೂತು, ಹಿಂದೆ ಏನೇನು ಕಾಯಿಲೆ ಬಂದಿತ್ತು ಅಂತ ಕೇಳಿಕೊಂಡರು. “ಟೈಫಾಯ್ಡ್ ಏನಾದರೂ?” ಅಂದರು. “ಹನ್ನೊಂದನೇ ವಯಸ್ಸಲ್ಲಿ” ಅಂದೆ. ನಗು ಬಂತು. ನನ್ನ ಕೆಲಸವೇ ಅದರ ಮೇಲೆ ಡಾಕ್ಟ್ರೇ ಅಂತ ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಅವರು ನೀರು ತರಿಸಿದರು.

ಸೆಪ್ಟೆಂಬರಿನಲ್ಲಿ ನಾನು ನಿನಗೆ ಏನು ಬರೆದೆ? ಹೆಂಗಸು, ನಲವತ್ತು ದಾಟಿದವಳು, ಎಂದೋ ಬಂದ ಜ್ವರ, ಬಲಗಡೆ ನೋವು. ನನ್ನ ಕೈಯಾರೆ ನನ್ನದೇ ಚಿತ್ರ ಬರೆದು ಅಜ್ಜಿಯ ಹೆಸರು ಹಾಕಿ ಕಳಿಸಿದೆ. ಬಾಯಿಗೆ ತುತ್ತು ಕೊಟ್ಟವರನ್ನೆಲ್ಲ ಪರೀಕ್ಷೆ ಮಾಡಿಸು, ಒಬ್ಬರನ್ನೂ ಬಿಡಬೇಡ ಅಂದೆ. ನನ್ನನ್ನು ಬಿಟ್ಟೆ. ಹೇಗೆ ಬಿಟ್ಟೆನೋ! ನಾನು ವಿಷವನ್ನು ಬಲ್ಲವಳು, ಬ್ಯಾಕ್ಟೀರಿಯಾವನ್ನು ಮುಟ್ಟದವಳು, ಕೈ ತೊಳೆಯುವವಳು. ಗಾಜಿನ ಈಚೆ ಕೂತು ನೋಡುವವಳಿಗೆ ತಾನು ಗಾಜಿನ ಆಚೆಯೂ ಇರಬಹುದು ಅಂತ ಹೊಳೆಯಲೇ ಇಲ್ಲ.

ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಿ ಅಂತ ನಾನೇ ಕೇಳಿಕೊಂಡೆ. ಬೆಳೆಯಿತು. ಕಡ್ಡಿಯ ರಕ್ತದಲ್ಲಿ ಸಿಕ್ಕಿದ್ದನ್ನು ನಿಮ್ಮ ದೊಡ್ಡಾಸ್ಪತ್ರೆಯವರು ಎತ್ತಿಟ್ಟಿದ್ದರು, ಅದನ್ನೂ ತರಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ.

ಮೂವತ್ತೈದು ವರ್ಷ ನನ್ನೊಳಗೆ ಸುಮ್ಮನೆ ಕೂತಿತ್ತು. ನಿನ್ನ ಹೆಂಡತಿಗೆ ಆ ವರ್ಷ ಬಂದದ್ದೂ ನನ್ನಿಂದಲೇ ಇರಬೇಕು.

ನಾನು ಕೈ ತೊಳೆದಿದ್ದೆ ಕಣೋ. ಪ್ರತಿ ಸಲವೂ ಸೋಪು ಹಾಕಿ ತೊಳೆದಿದ್ದೆ. ಉಗುರಿನ ಸಂದಿಯಲ್ಲಿ ಉಳಿಯಿತೋ, ಯಾವ ತುತ್ತಿನಲ್ಲಿ ಹೋಯಿತೋ. ಕೂತರೆ ನಿಂತರೆ ಅದೊಂದೇ ಯೋಚನೆ. ಬಾಯಿ ತೆರೆದು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು.

ನಿನಗೆ ಗೊತ್ತಿತ್ತಾ? ಅದಕ್ಕೇ ಬರಬೇಡ ಅಂದೆಯಾ?

ಅಜ್ಜಿಗೆ ನಾನು ಏನಂತ ಬರೆಯಲಿ? ನೀನೇ ಹೇಳು. ನಿನ್ನ ಹೆಂಡತಿಗೂ ಹೇಳು. ನಾನು ಹೇಳುವಷ್ಟು ಗಟ್ಟಿಯಿಲ್ಲ.

ಅಕ್ಕ


ಫೆಬ್ರವರಿ ೨

ಅಕ್ಕಾ,

ಗೊತ್ತಿತ್ತು.

ನರ್ಸಮ್ಮ ಆಗಸ್ಟಿನಲ್ಲೇ ಕೇಳಿದ್ದರು, “ಹೊರಗಿನವರು ಯಾರಾದರೂ ಮಗುವಿಗೆ ಊಟ ಮಾಡಿಸಿದ್ರಾ?” ಅಂತ. ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ. ನೀನು ಹೊರಗಿನವಳು ಅಂತ ನನಗೆ ಹೊಳೆಯಲೇ ಇಲ್ಲ. ಆಮೇಲೆ ನಿನ್ನ ಸೆಪ್ಟೆಂಬರಿನ ಕಾಗದ ಬಂತು. ಬಲಗಡೆ ನೋವು ಅಂತ ಓದಿದೆ. ಮೇ ತಿಂಗಳಲ್ಲಿ ಎಣ್ಣೆಯದು ಬೇಡ ಅಂತ ನೀನೇ ಬರೆದದ್ದು ನೆನಪಾಯಿತು. ಇವಳ ಹಳೇ ಜ್ವರ, ಕಡ್ಡಿಯ ಜ್ವರ, ಎರಡೂ ನೀನು ಬಂದು ಹೋದ ಹಿಂದೆಯೇ. ಕೈಯಲ್ಲಿದ್ದ ತೂಕದ ಬಟ್ಟು ಕಾಲ ಮೇಲೆ ಬಿತ್ತು. ಉಗುರು ಕಪ್ಪಾಯಿತು. ಇವಳು ಕೇಳಿದರೆ ಅಂಗಡಿಯಲ್ಲಿ ಬಿತ್ತು ಅಂದೆ, ಅಷ್ಟು ಮಾತ್ರ ನಿಜ.

ಯಾರಿಗೂ ಹೇಳಲಿಲ್ಲ. ನಿನಗೆ ಹೇಗೆ ಹೇಳಲಿ? ಹೇಳಿದರೆ ನೀನು ಏನು ಮಾಡಿಕೊಳ್ಳುತ್ತೀಯೋ ಅಂತ ಭಯ. ಮಗಳು ಹೋದಳು, ಅಕ್ಕನೂ ಹೋದರೆ? ಅದಕ್ಕೇ ಸುಣ್ಣ, ರಸ್ತೆ ಅಂತ ಏನೇನೋ ಬರೆದೆ. ಡಾಕ್ಟರೇ ಹೇಳಲಿ, ನನ್ನ ಬಾಯಿಂದ ಬರುವುದು ಬೇಡ ಅಂತ ಕಾದೆ. ಅಲ್ಲಿಯ ತನಕ ಅಜ್ಜಿ ಬಾಗಿಲ ಹತ್ತಿರ ಕೂತಿರುವುದನ್ನು ದಿನಾ ನೋಡಿದೆ. ತಪ್ಪು ಅವರದಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನ ನೋವು ಬೆಳೆಯುತ್ತಿದೆ ಅಂತ ಗೊತ್ತಿದ್ದೂ ಒಂದು ಸಾಲು ಬರೆದು ಸುಮ್ಮನಾದೆ.

ನಿನ್ನ ಕೈಯ ಮಾತು ಬರೆದಿದ್ದೀಯ. ಕರೆದವನು ಯಾರು? ಬೇಡಿಕೊಳ್ಳುತ್ತೇನೆ ಅಂತ ಬರೆದು ಕರೆಸಿದೆ. ನೀನು ಕೊಡುವಾಗ ಪಕ್ಕದಲ್ಲಿ ಕೂತು “ಇನ್ನೊಂದು, ಇನ್ನೊಂದು” ಅಂದವನು ನಾನು.

ನಿನ್ನೆ ಇಬ್ಬರನ್ನೂ ಕೂರಿಸಿ ಹೇಳಿದೆ. ಇವಳು ಪೂರ್ತಿ ಕೇಳಿದಳು. ಮಗುವನ್ನು ಎತ್ತಿಕೊಂಡು ರೂಮಿಗೆ ಹೋಗಿ ಅಗುಳಿ ಹಾಕಿಕೊಂಡಳು. ಇನ್ನೂ ಮಾತಾಡುತ್ತಿಲ್ಲ. ಅಜ್ಜಿ ಎದ್ದು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಏನು ಮಾಡುತ್ತಿದ್ದೀರಿ ಅಂತ ಕೇಳಿದೆ. “ನಿಮ್ಮಕ್ಕ ಆಸ್ಪತ್ರೆಯಲ್ಲಿ ಏನು ತಿಂತಾಳೋ, ಪಾಪ” ಅಂದರು.

ತಮ್ಮ


ಮಾರ್ಚ್ ೩೦

ತಮ್ಮಾ,

ಪಿತ್ತಕೋಶ ಹೋಯಿತು, ಮಾತ್ರೆಗಳು ಮುಗಿದವು. ಮೂರು ಸಲ ಪರೀಕ್ಷೆ ಮಾಡಿದರು, ಏನೂ ಇಲ್ಲ. ಇನ್ನು ಭಯವಿಲ್ಲ, ಯಾರಿಗೆ ಬೇಕಾದರೂ ಅಡುಗೆ ಮಾಡಿ ಹಾಕಬಹುದು ಅಂತ ಡಾಕ್ಟರು ನಗುತ್ತಾ ಹೇಳಿದರು. ಪಾಪ, ಅವರಿಗೇನು ಗೊತ್ತು.

ಆದರೂ ನಾನು ಬರುವುದಿಲ್ಲ ಕಣೋ. ನೀನು ಕರೆದರೂ ಬೇಡ. ಮಗು ಬೆಳೆಯಲಿ, ನನ್ನ ಕೈ ಅದರಿಂದ ದೂರವೇ ಇರಲಿ. ಒಂದು ಲೋಟ ನೀರು ತುಂಬಿಕೊಂಡರೂ ಈ ಕೈಯನ್ನು ನೋಡುತ್ತಾ ನಿಲ್ಲುತ್ತೇನೆ. ಹುಡುಗಿಯರು ತಿಂಡಿ ಡಬ್ಬಿ ಮುಂದೆ ಹಿಡಿದರೆ ಕೈ ಹಿಂದೆ ಹೋಗುತ್ತದೆ.

ನಿನ್ನೆ ಹೊಸ ಹುಡುಗಿಯೊಬ್ಬಳು ಕರೆದು ತೋರಿಸಿದಳು. ವಿಷ ತಾಗಿದ ಕೋಶಗಳೆಲ್ಲ ಸಾಯುವುದಿಲ್ಲ. ಕೆಲವು ಹಾಗೇ ಉಳಿದುಬಿಡುತ್ತವೆ. ಎರಡಾಗುವುದಿಲ್ಲ, ಸಾಯುವುದೂ ಇಲ್ಲ. “ಇವು ಯಾವುದಕ್ಕೆ ಕಾಯ್ತಿವೆ ಮೇಡಂ?” ಅಂತ ಕೇಳಿದಳು. ನನಗೆ ಗೊತ್ತಿಲ್ಲಮ್ಮ ಅಂದೆ. ಕಡ್ಡಿಯ ಪ್ರಶ್ನೆಗೆ ಎಷ್ಟು ಧೈರ್ಯವಾಗಿ ಉತ್ತರ ಬರೆದಿದ್ದೆ, ನೋಯುವುದಿಲ್ಲ ಅಂತ. ಅದನ್ನು ಅವಳಿಗೆ ಓದಿ ಹೇಳಿದೆಯಾ? ಆಗ ಅವಳಿಗೆ ಹೊಟ್ಟೆ ನೋಯುತ್ತಿತ್ತಾ?

ಇನ್ನೊಂದೇ ಕೇಳುತ್ತೇನೆ, ಆಮೇಲೆ ತೊಂದರೆ ಕೊಡುವುದಿಲ್ಲ. ಆ ಎಂಟು ದಿನ ಅವಳು ನಿಜವಾಗಿ ಹಸಿದು ತಿಂದಳಾ? ಅಥವಾ ನನಗೆ ಖುಷಿಯಾಗಲಿ ಅಂತ ತಿಂದಳಾ? ನೀನು ಪಕ್ಕದಲ್ಲೇ ಇದ್ದೆ. ಹಸಿದು ತಿಂದಿದ್ದರೆ ಅಷ್ಟಾದರೂ ಸಾಕು.

ಅಕ್ಕ


ಏಪ್ರಿಲ್ ೧೨

ಅಕ್ಕಾ,

ಹಸಿದೇ ತಿಂದಳು. ನೀನು ಕೈ ತೊಳೆಯುವುದಕ್ಕೆ ಎದ್ದರೂ ಬಿಡುತ್ತಿರಲಿಲ್ಲ, ಸೆರಗು ಹಿಡಿದು ಎಳೆಯುತ್ತಿದ್ದಳು. ಆ ಮುಕ್ಕಾಲು ಕೆಜಿಯನ್ನು ಎರಡು ಯಂತ್ರಗಳಲ್ಲಿ ತೂಗಿದ್ದೇನೆ. ಅದು ಸುಳ್ಳಲ್ಲ.

ನಿನ್ನ ಉತ್ತರವನ್ನೂ ಓದಿ ಹೇಳಿದ್ದೆ. ಆಸ್ಪತ್ರೆಯ ಮಂಚದ ಮೇಲಿದ್ದಳು. ನೋವಿತ್ತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಕೋಶಕ್ಕೆ ನೋಯಲ್ವಂತೆ ಅಂದೆ. “ಸದ್ಯ” ಅಂದಳು.

ಇವಳು ಎರಡು ತಿಂಗಳು ನಿನ್ನ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಿನ್ನ ಕಾಗದ ಬಂದ ಸಂಜೆ ಬಾಗಿಲಲ್ಲಿದ್ದ ಕಡ್ಡಿಯ ಚಪ್ಪಲಿ ತೆಗೆದು ಒರೆಸುತ್ತಾ ಕೂತಿದ್ದಳು. “ಏನು ಬರೆದಿದ್ದಾರೆ ಅತ್ತಿಗೆ?” ಅಂದಳು. ಬರುವುದಿಲ್ಲವಂತೆ ಅಂದೆ. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಹೀಗೇ ಬರೆಯಬೇಕು ಅಂತ ಅವಳೇ ಹೇಳಿದ್ದಾಳೆ.

“ಬರೋಕೆ ಹೇಳಿ. ಕ್ಷಮಿಸ್ತೀನೋ ಇಲ್ವೋ ನಂಗೊತ್ತಿಲ್ಲ. ಮುಖ ನೋಡಿದ್ರೆ ಬೈದುಬಿಡ್ತೀನೋ ಏನೋ, ಅದೂ ಗೊತ್ತಿಲ್ಲ. ಆದ್ರೆ ಎಲ್ರೂ ಬರ್ತಾರೆ, ಕೂತ್ಕೋತಾರೆ, ಇನ್ನೊಂದು ಮಗು ಇದ್ಯಲ್ಲ ಅಂತಾರೆ, ಹೋಗ್ತಾರೆ. ಅವಳು ಹೇಗೆ ಬಾಯಿ ತೆರೀತಿದ್ಲು ಅಂತ ಅತ್ತಿಗೆಗೆ ಗೊತ್ತು. ಅವ್ರೂ ಬರ್ದೇ ಇದ್ರೆ ನಾನು ಯಾರ ಜೊತೆ ಕೂತು ಅಳಲಿ?”

ತಮ್ಮ